ಗುಡ್ಡದಲ್ಲಿ ಸಿಕ್ಕ ಡಬ್ಬಿ ಸಿಕ್ಕವರದ್ದೇ? ಲೆಟರ್‌ಬಾಕ್ಸಿಂಗ್‌ನಲ್ಲಿ ‘ದತ್ತು’ ತೆಗೆದುಕೊಳ್ಳುವ ರೀತಿ

ಭಾನುವಾರ ಭಾಗ್ಯನಗರದಿಂದ ಎರಡು ಬೈಕ್‌ನಲ್ಲಿ ಹೊರಟು, ಹುಲಿಗಿ, ಸಾಣಾಪುರ ದಾಟಿ ಆನೆಗೊಂದಿ ಕಡೆ ಗುಡ್ಡ ಹತ್ತಿದ್ದೀರಿ ಅಂದುಕೊಳ್ಳಿ. ಬಂಡೆ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಮುಚ್ಚಳದ ಮೇಲೆ ಮಣ್ಣು, ಒಳಗೆ ಒದ್ದೆಯಾದ ಸಣ್ಣ ನೋಟ್‌ಬುಕ್, ಕೈಯಿಂದ ಕೆತ್ತಿದ ಹಾಗಿರುವ ಒಂದು ರಬ್ಬರ್ ಸ್ಟ್ಯಾಂಪ್. ನೋಟ್‌ಬುಕ್‌ನಲ್ಲಿ ಕೊನೆಯ ಬರಹ ಎರಡು ವರ್ಷ ಹಳೆಯದು. ಒಬ್ಬ ಗೆಳೆಯ ‘ನಿಧಿಯ ಗುರುತು ಇರಬೇಕು’ ಅನ್ನುತ್ತಾನೆ. ಇನ್ನೊಬ್ಬ ‘ಮಾಟ ಮಾಡಿಟ್ಟಿದ್ದಾರೆ, ಮುಟ್ಟಬೇಡ’ ಅನ್ನುತ್ತಾನೆ. ಮೂರನೆಯವನು ಆಗಲೇ ಫೋಟೊ ಹೊಡೆದು ಗ್ರೂಪಿಗೆ ಹಾಕಿದ್ದಾನೆ: ‘ಯಾರೋ ಬಿಟ್ಟು ಹೋಗಿದ್ದು, ಸಿಕ್ಕಿದ್ದು ನಮಗೆ.’

ಮೂವರದ್ದೂ ತಪ್ಪಿರಬಹುದು. ಆದರೆ ಹೆಚ್ಚು ತೊಂದರೆ ತರುವುದು ಮೂರನೆಯವನ ಮಾತು.

ಏನಿದು ಡಬ್ಬಿ?

ಇದು ಲೆಟರ್‌ಬಾಕ್ಸಿಂಗ್ ಎಂಬ ಹವ್ಯಾಸದ ಡಬ್ಬಿ ಇರಬಹುದು. ಅಂಚೆ ಇಲಾಖೆಯ ಕೆಂಪು ಡಬ್ಬಿಗೂ ಇದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದಾಗ, ಕೆಂಪು ಡಬ್ಬಿಗಳನ್ನೇ ಕಿತ್ತು ಹಾಕುತ್ತಾರೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು.)

ಈ ಹವ್ಯಾಸ ಹುಟ್ಟಿದ್ದು ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಯಲು ಗುಡ್ಡಗಾಡಿನಲ್ಲಿ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿವರೆಗೆ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡ್ ಅದರಲ್ಲಿ ಹಾಕುತ್ತಿದ್ದರು. ಮುಂದೆ ವಿಳಾಸ ಬರೆದ ಪತ್ರ ಬಿಟ್ಟು ಹೋಗುವ ರೂಢಿ ಬಂತು. ನಂತರ ಬಂದವರು ಅದನ್ನು ಒಯ್ದು ಅಂಚೆಗೆ ಹಾಕಬೇಕಿತ್ತು. ಲೆಟರ್‌ಬಾಕ್ಸ್ ಎಂಬ ಹೆಸರು ಬಂದದ್ದು ಹಾಗೆ. 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಅಮೆರಿಕದಲ್ಲೂ ಹಬ್ಬಿತು.

ಆಟ ಸರಳ. ಒಬ್ಬರು ಡಬ್ಬಿ ಬಚ್ಚಿಟ್ಟು ಒಗಟಿನಂಥ ಸುಳಿವು ಬರೆಯುತ್ತಾರೆ. ಹುಡುಕಿದವರು ಡಬ್ಬಿಯ ಸ್ಟ್ಯಾಂಪನ್ನು ತಮ್ಮ ಪುಸ್ತಕದಲ್ಲಿ, ತಮ್ಮ ಸ್ವಂತ ಸ್ಟ್ಯಾಂಪನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಇದರದೇ ತಮ್ಮನಂಥದ್ದು ಜಿಯೋಕ್ಯಾಶಿಂಗ್. 2000ದ ಮೇ ತಿಂಗಳಲ್ಲಿ, ಸಾಮಾನ್ಯರಿಗೂ ಜಿಪಿಎಸ್ ನಿಖರವಾಗಿ ಸಿಗತೊಡಗಿದ ಕೂಡಲೇ ಶುರುವಾದದ್ದು. ನಮ್ಮ ಕಡೆ ಲೆಟರ್‌ಬಾಕ್ಸಿಂಗ್ ಅಪರೂಪ, ಆದರೆ ಜಿಯೋಕ್ಯಾಶಿಂಗ್ ಡಬ್ಬಿಗಳು ಭಾರತದಲ್ಲೂ ಇವೆ. ಪ್ರವಾಸಿಗರು ತಿರುಗಾಡುವ ಜಾಗದಲ್ಲಿ ಕಣ್ಣಿಗೆ ಬೀಳುವ ಸಂಭವವೂ ಹೆಚ್ಚು.

ಹಾಳಾಗಿ ಕಂಡದ್ದು ಅನಾಥವೇ?

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ‘ಒಳಗೆ ನೀರು ಬಂದಿದೆ, ಅಂದರೆ ಯಾರೂ ನೋಡಿಕೊಳ್ಳುತ್ತಿಲ್ಲ’ ಎಂಬುದು ಸಾಮಾನ್ಯ ಊಹೆ. ಆದರೆ ಮುಚ್ಚಳ ಸರಿಯಾಗಿ ಹಾಕಿದ ಡಬ್ಬಿಯೂ ಉಸಿರಾಡುತ್ತದೆ. ಹಗಲು ಬಂಡೆ ಕಾಯ್ದು ಒಳಗಿನ ಗಾಳಿ 20 ಡಿಗ್ರಿಯಿಂದ 45 ಡಿಗ್ರಿಗೆ ಏರಿದರೆ, ಅದು ಸುಮಾರು ಶೇ 8ರಷ್ಟು ಹಿಗ್ಗಲು ನೋಡುತ್ತದೆ. ಮುಚ್ಚಳದ ಅಂಚಿನ ಸಂದಿಯಿಂದ ಅಷ್ಟು ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರಲ್ಲಿನ ಆವಿ ಹನಿಯಾಗುತ್ತದೆ. ಮಳೆಗಾಲದಲ್ಲಿ ದಿನಾ ಹೀಗೇ ನಡೆದರೆ ಒಂದೇ ಹಂಗಾಮಿನಲ್ಲಿ ನೋಟ್‌ಬುಕ್ ಬೂಸ್ಟು ಹಿಡಿಯಲು ಸಾಕು. ಇನ್ನು ಬಿಸಿಲಿನ ನೇರಳಾತೀತ ಕಿರಣಕ್ಕೆ ಸಿಕ್ಕ ಅಗ್ಗದ ಪ್ಲಾಸ್ಟಿಕ್ ಬೇಗ ಬಿರುಕು ಬಿಡುತ್ತದೆ. ನಮ್ಮ ಮನೆಯ ಮಾಳಿಗೆ ಮೇಲಿಟ್ಟ ಬಕೆಟ್ ಏನಾಗುತ್ತದೆ, ಗೊತ್ತಲ್ಲ. ಕೋತಿ ಎಳೆದು ಹಾಕಿದ್ದರೂ ಡಬ್ಬಿ ತನ್ನ ಜಾಗ ಬಿಟ್ಟು ಬೇರೆ ಕಡೆ ಬಿದ್ದಿರುತ್ತದೆ.

ಕೊನೆಯ ಬರಹ ಎರಡು ವರ್ಷ ಹಳೆಯದು ಎಂಬುದೂ ಅಷ್ಟೇ. ಅದರ ಅರ್ಥ ಎರಡು ವರ್ಷದಿಂದ ಯಾರೂ ಹುಡುಕಿ ಬಂದಿಲ್ಲ ಎಂದು ಮಾತ್ರ. ಕಷ್ಟದ ಜಾಗದ ಡಬ್ಬಿಗಳಿಗೆ ಬರುವವರೇ ಕಡಿಮೆ. ಇಟ್ಟವರು ಬೇರೆ ಊರಿಗೆ ಹೋಗಿರಬಹುದು, ಕಾಯಿಲೆ ಬಿದ್ದಿರಬಹುದು, ವರ್ಷಕ್ಕೊಮ್ಮೆ ಬಂದು ನೋಡುವವರಿರಬಹುದು.

ಕೊಡುವ ಕೈ ಇಲ್ಲದೆ ದತ್ತು ಇಲ್ಲ

ಈ ಹವ್ಯಾಸದಲ್ಲಿ ಬೇರೆಯವರ ಡಬ್ಬಿಯ ಉಸಾಬರಿ ವಹಿಸಿಕೊಳ್ಳುವುದಕ್ಕೆ ದತ್ತು ಎಂದೇ ಹೆಸರು. ಪದ ಸರಿಯಾಗಿದೆ. ನಮ್ಮ 1956ರ ಹಿಂದೂ ದತ್ತಕ ಕಾಯ್ದೆಯ ಪ್ರಕಾರವೂ ಮಗುವನ್ನು ಒಬ್ಬರು ಕೊಡಬೇಕು, ಇನ್ನೊಬ್ಬರು ತೆಗೆದುಕೊಳ್ಳಬೇಕು. ಎರಡೂ ನಡೆಯದಿದ್ದರೆ ದತ್ತು ಆಗಲಿಲ್ಲ. ಡಬ್ಬಿಗೂ ಅದೇ ನ್ಯಾಯ. ಜಿಯೋಕ್ಯಾಶಿಂಗ್‌ನ ಮುಖ್ಯ ಜಾಲತಾಣ, ಒಡೆಯರ ಒಪ್ಪಿಗೆ ಇಲ್ಲದೆ ಡಬ್ಬಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡುವುದಿಲ್ಲ. ಒಡೆಯರು ಉತ್ತರವನ್ನೇ ಕೊಡದಿದ್ದರೆ ಕೊನೆಗೆ ಆ ಡಬ್ಬಿಯ ದಾಖಲೆ ಮುಚ್ಚಿಹೋಗುತ್ತದೆಯೇ ಹೊರತು, ಮೊದಲು ಕೈ ಎತ್ತಿದವರ ಪಾಲಾಗುವುದಿಲ್ಲ.

ಹಾಗಾದರೆ ಸಿಕ್ಕವರು ಮಾಡಬಹುದಾದದ್ದೇನು? ಸಣ್ಣ ರಿಪೇರಿಗೆ ಯಾರ ಅಪ್ಪಣೆಯೂ ಬೇಡ. ನೀರು ಚೆಲ್ಲಿ, ಒಣಬಟ್ಟೆಯಿಂದ ಒರೆಸಿ, ನೋಟ್‌ಬುಕ್ಕನ್ನು ಒಂದು ಜಿಪ್ ಚೀಲಕ್ಕೆ ಹಾಕಿ, ಸಿಕ್ಕ ಜಾಗದಲ್ಲೇ ಸಿಕ್ಕ ಹಾಗೆಯೇ ಮರೆಮಾಡಿ. ಒಳಗೆ ಇಟ್ಟವರ ಆಟದ ಹೆಸರೋ ಜಾಲತಾಣದ ಹೆಸರೋ ಇದ್ದರೆ ಅಲ್ಲಿಗೆ ಸಂದೇಶ ಕಳಿಸಿ: ಇಂಥ ದಿನ ನೋಡಿದೆ, ಸ್ಥಿತಿ ಹೀಗಿದೆ, ಬೇಕಿದ್ದರೆ ನಾನು ನೋಡಿಕೊಳ್ಳುತ್ತೇನೆ. ಆಮೇಲೆ ಕಾಯಿರಿ. ವಾರವಲ್ಲ, ತಿಂಗಳುಗಟ್ಟಲೆ. ಇಲ್ಲಿಯೇ ಎಷ್ಟೋ ಜನ ತಪ್ಪುವುದು. ಎರಡು ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಂಡುಬಿಡುತ್ತೇವೆ.

ಮನೆಗೆ ತರಬೇಕಾದ ಸಂದರ್ಭವೂ ಇದೆ. ಡಬ್ಬಿ ಒಡೆದು ಹೋಗಿದ್ದರೆ, ಹಳ್ಳದ ನೀರು ಕೊಚ್ಚಿಕೊಂಡು ಹೋಗುವಂತಿದ್ದರೆ, ಆ ಜಾಗದಲ್ಲಿ ಜೆಸಿಬಿ ಬಂದು ನಿಂತಿದ್ದರೆ ಎತ್ತಿಟ್ಟುಕೊಳ್ಳಿ. ಆದರೆ ಅದು ಕಾಪಾಡುವುದು, ದತ್ತು ಅಲ್ಲ. ಒಳಗಿನ ಸ್ಟ್ಯಾಂಪ್ ಯಾರೋ ಗಂಟೆಗಟ್ಟಲೆ ಕೂತು ಕೆತ್ತಿದ ಕೆಲಸ, ನೋಟ್‌ಬುಕ್ ಹತ್ತಾರು ಜನರ ನೆನಪು. ಹೊಸ ಡಬ್ಬಿ ಇಡುವ ಆಸೆಯಿದ್ದರೆ ನಿಮ್ಮದೇ ಸ್ಟ್ಯಾಂಪ್, ನಿಮ್ಮದೇ ಹೆಸರಲ್ಲಿ ಇಡಿ. ಹಳೆಯದರ ಹೆಸರು ಹೇಳಿ ಹೊಸದನ್ನು ಇಟ್ಟುಬಿಟ್ಟರೆ, ಮುಂದೊಂದು ದಿನ ಹಳೆಯದೇ ಎರಡು ಮಾರು ದೂರದಲ್ಲಿ ಸಿಕ್ಕಿ ಎಲ್ಲರಿಗೂ ಗೊಂದಲ.

‘ಸಿಕ್ಕಿದ್ದು ಸಿಕ್ಕವರಿಗೆ’ ಎಂಬ ಕಾನೂನು ಇದೆಯೇ?

ಇಲ್ಲ. 1872ರ ಕರಾರು ಕಾಯ್ದೆಯ 71ನೇ ಕಲಂ ಪ್ರಕಾರ ಬೇರೆಯವರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವರು, ನಂಬಿ ಕೊಟ್ಟ ವಸ್ತುವನ್ನು ಕಾಯುವವರಷ್ಟೇ ಜವಾಬ್ದಾರರು. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ (ಹಿಂದೆ ಐಪಿಸಿ 403) ಇನ್ನೂ ಸ್ಪಷ್ಟ. ಒಡೆಯರಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಂಡರೆ ಅಪರಾಧವಲ್ಲ. ಆದರೆ ಒಡೆಯರನ್ನು ಪತ್ತೆ ಮಾಡುವ ದಾರಿ ಇದ್ದೂ, ತಕ್ಕಷ್ಟು ಪ್ರಯತ್ನ ಮಾಡದೆ, ತಕ್ಕಷ್ಟು ಕಾಲ ಕಾಯದೆ ತನ್ನದಾಗಿಸಿಕೊಂಡರೆ ಅಪರಾಧ. ಕಾನೂನಿನಲ್ಲೇ ಉದಾಹರಣೆ ಇದೆ: ರಸ್ತೆಯಲ್ಲಿ ಬಿದ್ದ ಒಂದು ರೂಪಾಯಿ ಯಾರದೆಂದು ತಿಳಿಯದೆ ಎತ್ತಿಕೊಂಡವನು ತಪ್ಪಿತಸ್ಥನಲ್ಲ. ನೋಟು ಇರುವ ಪತ್ರ ಸಿಕ್ಕು, ಓದಿ ಯಾರದೆಂದು ತಿಳಿದ ಮೇಲೂ ನೋಟು ಇಟ್ಟುಕೊಂಡವನು ತಪ್ಪಿತಸ್ಥ. ಹೆಸರು ಬರೆದ ನೋಟ್‌ಬುಕ್ ಇರುವ ಡಬ್ಬಿ ಯಾವುದಕ್ಕೆ ಹತ್ತಿರ ಎಂದು ನೀವೇ ನೋಡಿ. ಐವತ್ತು ರೂಪಾಯಿಯ ಡಬ್ಬಿಗೆ ಯಾರೂ ಕೇಸು ಹಾಕಲಿಕ್ಕಿಲ್ಲ, ಅದು ಬೇರೆ ಮಾತು.

ಕೊಪ್ಪಳ ಸೀಮೆಯಲ್ಲಿ ಇನ್ನೊಂದು ಎಚ್ಚರ

ನಮ್ಮ ಕಡೆ ಗುಡ್ಡದಲ್ಲಿ ಡಬ್ಬಿ ಎಂದರೆ ಮಾತು ನೇರ ನಿಧಿಗೆ ಹೋಗುತ್ತದೆ. ಇದು ತಮಾಷೆಯಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದು ಹಾಕಿದ್ದರು. ಬಂಡೆ ಸಂದಿಯ ಫೋಟೊ, ಜೊತೆಗೆ ‘ಗುರುತು ಸಿಕ್ಕಿದೆ’ ಎಂಬ ಒಂದು ಸಾಲು ಗ್ರೂಪಿನಿಂದ ಗ್ರೂಪಿಗೆ ಹೋದರೆ, ಹಾರೆ ಹಿಡಿದು ಹೋಗುವವರು ಇದ್ದೇ ಇದ್ದಾರೆ. ನಿಜವಾಗಿ ನೆಲದಲ್ಲಿ ನಿಧಿ ಸಿಕ್ಕರೂ ಅದು ಸಿಕ್ಕವರದ್ದಲ್ಲ, ಆಡಳಿತಕ್ಕೆ ತಿಳಿಸಬೇಕು. ಅದಕ್ಕೆ 1962ರಿಂದ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ.

ಈ ಲೇಖನ ಓದಿ ಹೊಸ ಡಬ್ಬಿ ಇಡುವ ಹುರುಪು ಬಂದವರಿಗೂ ಒಂದು ಮಾತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಮೊರೇರ ಗುಡ್ಡದಲ್ಲಿ ಸುಮಾರು 400 ಬೃಹತ್ ಶಿಲಾ ಸಮಾಧಿಗಳಿವೆ. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅವೂ ಯಾರೋ ಬಿಟ್ಟು ಹೋದಂತೆಯೇ ಕಾಣುತ್ತವೆ. ಕಲ್ಚಪ್ಪಡಿಗಳ ನಡುವಿನ ಸಂದಿ ಡಬ್ಬಿಗೆ ಹೇಳಿ ಮಾಡಿಸಿದ ಜಾಗ ಅನ್ನಿಸಬಹುದು, ಆದರೆ ಹುಡುಕಿ ಬಂದವರು ಒಂದೊಂದೇ ಕಲ್ಲು ಸರಿಸುತ್ತಾರೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅಂಥಲ್ಲಿ ಡಬ್ಬಿ ಇಡಲೇಬೇಡಿ. ಗವಿಮಠ, ಪಾಲ್ಕಿಗುಂಡಿನ ಅಶೋಕ ಶಾಸನಗಳ ಹತ್ತಿರವೂ ಅಷ್ಟೇ.

ಸಂದಿಯಲ್ಲಿ ಡಬ್ಬಿ ಕಂಡ ಕೂಡಲೇ ಬರಿಗೈ ಹಾಕಬೇಡಿ. ಚೇಳು, ಹಾವುಗಳಿಗೂ ಅದೇ ಜಾಗ ಇಷ್ಟ. ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ವೈರು, ಬ್ಯಾಟರಿ ಕಂಡರೆ ಮುಟ್ಟದೆ ದೂರ ಸರಿದು 112ಕ್ಕೆ ಫೋನ್ ಮಾಡಿ.

ಫಾರ್ವರ್ಡ್ ಮಾಡುವುದಾದರೆ ಹೀಗೆ ಮಾಡಿ

ಒಡೆಯರ ಹೆಸರು ಒಳಗೆ ಎಲ್ಲೂ ಇಲ್ಲದಿದ್ದರೆ ಗ್ರೂಪಿನಲ್ಲಿ ಕೇಳುವುದು ತಪ್ಪಲ್ಲ. ಹಿಂದೆ ಹಳ್ಳಿಯಲ್ಲಿ ದನ ತಪ್ಪಿಸಿಕೊಂಡು ಬಂದರೆ ಡಂಗುರ ಸಾರಿಸುತ್ತಿದ್ದರಲ್ಲ, ಇದೂ ಹಾಗೆಯೇ. ಆದರೆ ಡಂಗುರದಲ್ಲಿ ದನದ ಮಚ್ಚೆ ಎಲ್ಲಿದೆ ಎಂದು ಕೂಗಿ ಹೇಳುವುದು ಜಾಣತನವಲ್ಲ. ಲೊಕೇಶನ್ ಹಾಕಬೇಡಿ, ಸ್ಟ್ಯಾಂಪಿನ ಚಿತ್ರ ಹಾಕಬೇಡಿ. ‘ಆನೆಗೊಂದಿ ಕಡೆ ಆಟದ ಡಬ್ಬಿಯೊಂದು ಕಂಡಿದೆ, ಇಟ್ಟವರು ತಿಳಿಸಿ’ ಎಂದರೆ ಸಾಕು. ನನ್ನದು ಎಂದು ಯಾರಾದರೂ ಬಂದರೆ ಸ್ಟ್ಯಾಂಪಿನಲ್ಲಿ ಏನು ಕೆತ್ತಿದೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಏನಿದೆ ಎಂದು ಕೇಳಿ. ಇಟ್ಟವರಾದರೆ ಥಟ್ಟನೆ ಹೇಳುತ್ತಾರೆ.