ಟಿಪ್ಪು ಸುಲ್ತಾನನ ಯುದ್ಧಕಾಲದ ವಸ್ತುಗಳ ಸಂಗ್ರಹ ಮತ್ತು ಹರಾಜು

ಟಿಪ್ಪು ಸುಲ್ತಾನನ ಯುದ್ಧಕಾಲದ ವಸ್ತುಗಳೆಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡಾಗ ಈಸ್ಟ್ ಇಂಡಿಯಾ ಕಂಪನಿಯ ಮತ್ತು ಬ್ರಿಟಿಷ್ ಸೇನೆಯ ಕೈಸೇರಿದ ಖಡ್ಗ, ಬಂದೂಕು, ಫಿರಂಗಿ, ಶಿರಸ್ತ್ರಾಣ, ಆಭರಣ, ಡೇರೆ, ಗ್ರಂಥ ಹಾಗೂ ಸಿಂಹಾಸನದ ತುಣುಕುಗಳು. ಇವುಗಳಲ್ಲಿ ಕೆಲವು ಬ್ರಿಟನ್ನಿನ ರಾಜಮನೆತನದ ಹಾಗೂ ವಸ್ತುಸಂಗ್ರಹಾಲಯಗಳ ವಶದಲ್ಲಿವೆ. ಉಳಿದವುಗಳಲ್ಲಿ ಅನೇಕವು ಯುದ್ಧದಲ್ಲಿ ಪಾಲ್ಗೊಂಡ ಅಧಿಕಾರಿಗಳ ವಂಶಸ್ಥರ ಮನೆಗಳಲ್ಲಿ ಎರಡು ಶತಮಾನಗಳ ಕಾಲ ಉಳಿದು, ಇತ್ತೀಚಿನ ದಶಕಗಳಲ್ಲಿ ಲಂಡನ್ನಿನ ಹರಾಜು ಕಟ್ಟೆಗಳಿಗೆ ಬಂದಿವೆ. 2023ರ ಮೇ 23ರಂದು ಬಾನ್‌ಹ್ಯಾಮ್ಸ್ ಸಂಸ್ಥೆಯು ಟಿಪ್ಪುವಿನ ಶಯನಾಗಾರದ ಖಡ್ಗವನ್ನು 1,40,80,900 ಪೌಂಡುಗಳಿಗೆ ಮಾರಾಟ ಮಾಡಿತು.

ಈ ವ್ಯಾಪಾರದಲ್ಲಿ ಒಂದು ವೈಪರೀತ್ಯವಿದೆ. ವಸ್ತುವೊಂದು ಲೂಟಿಯಾದುದೆಂಬುದಕ್ಕೆ ದಾಖಲೆಯಿದ್ದರೆ, ಆ ದಾಖಲೆಯೇ ಅದರ ಅಸಲಿತನಕ್ಕೂ ಬೆಲೆಗೂ ಆಧಾರವಾಗುತ್ತದೆ. ವಸ್ತುಗಳನ್ನು ಹಿಂದಿರುಗಿಸಬೇಕೆಂದು ವಾದಿಸುವವರು ಮುಂದಿಡುವುದೂ ಅದೇ ದಾಖಲೆಯನ್ನೇ.

ಹಿನ್ನೆಲೆ

ಟಿಪ್ಪು ಸುಲ್ತಾನನು 1782ರಿಂದ 1799ರವರೆಗೆ ಮೈಸೂರು ರಾಜ್ಯವನ್ನು ಆಳಿದನು. ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಜನರಲ್ ಜಾರ್ಜ್ ಹ್ಯಾರಿಸ್‌ನ ಸೇನೆಯು ಹೈದರಾಬಾದಿನ ನಿಜಾಮನ ಪಡೆಗಳೊಂದಿಗೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕೋಟೆಯ ಮೇಲಿನ ಅಂತಿಮ ದಾಳಿಯ ನೇತೃತ್ವವನ್ನು ಡೇವಿಡ್ ಬೇರ್ಡ್ ವಹಿಸಿದ್ದನು. ಬೇರ್ಡ್ 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲಿಯೇ ಬಂಧಿಯಾಗಿದ್ದವನು. ಟಿಪ್ಪು ಹೋರಾಡುತ್ತ ಮಡಿದ ಆ ರಾತ್ರಿ ಪಟ್ಟಣದಲ್ಲಿ ಸೈನಿಕರು ಮನೆಮನೆಗಳನ್ನು ಸೂರೆ ಮಾಡಿದರು. ಮರುದಿನ ಪಟ್ಟಣದ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ (ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕ್) ಕೆಲವು ಲೂಟಿಕೋರರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಶಿಸ್ತನ್ನು ಮರುಸ್ಥಾಪಿಸಿದನು.

ಲೂಟಿಯ ಹಂಚಿಕೆ

ಅಂದಿನ ಯುದ್ಧನಿಯಮಗಳ ಪ್ರಕಾರ, ದಾಳಿಯಿಂದ ಗೆದ್ದ ಕೋಟೆಯ ಸಂಪತ್ತು ಗೆದ್ದ ಸೇನೆಗೆ ಸೇರುತ್ತಿತ್ತು. ಸೈನಿಕರು ತಾವಾಗಿ ದೋಚುವುದು ಅಪರಾಧವಾಗಿದ್ದರೂ, ‘ಪ್ರೈಜ್’ ಎಂಬ ಹೆಸರಿನಲ್ಲಿ ಸಂಪತ್ತನ್ನು ಒಟ್ಟುಗೂಡಿಸಿ ದರ್ಜೆಗೆ ತಕ್ಕಂತೆ ಹಂಚುವುದು ನ್ಯಾಯಸಮ್ಮತವೆನಿಸಿತ್ತು. ಇದಕ್ಕಾಗಿ ನೇಮಕಗೊಂಡ ಪ್ರೈಜ್ ಏಜೆಂಟರು ಅರಮನೆಯ ಖಜಾನೆಯನ್ನೂ ಆಭರಣಗಳನ್ನೂ ಪಟ್ಟಿಮಾಡಿ ಬೆಲೆ ಕಟ್ಟಿದರು. ಪ್ರಧಾನ ಸೇನಾಪತಿಗೆ ಭಾರಿ ಮೊತ್ತವೂ ಸಾಮಾನ್ಯ ಸಿಪಾಯಿಗೆ ಅಲ್ಪ ಮೊತ್ತವೂ ದೊರೆಯಿತು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯು ತನಗೆ ನೀಡಲುದ್ದೇಶಿಸಿದ್ದ ಒಂದು ಲಕ್ಷ ಪೌಂಡುಗಳನ್ನು ನಿರಾಕರಿಸಿದನು.

ಹುಲಿಯ ಆಕೃತಿಯ ಮೇಲೆ ನಿಂತಂತಿದ್ದ ಟಿಪ್ಪುವಿನ ಸಿಂಹಾಸನವು ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ ರಚನೆಯಾಗಿತ್ತು. ಇದನ್ನು ಇಡಿಯಾಗಿ ಇಂಗ್ಲೆಂಡಿನ ಅರಸನಿಗೆ ಕಳುಹಿಸಬೇಕೆಂಬುದು ರಿಚರ್ಡ್ ವೆಲ್ಲೆಸ್ಲಿಯ ಇಚ್ಛೆಯಾಗಿದ್ದರೂ, ಅಷ್ಟರಲ್ಲಿ ಏಜೆಂಟರು ಹಂಚಿಕೆಗಾಗಿ ಅದನ್ನು ಒಡೆದಿದ್ದರು. ಅದರ ದೊಡ್ಡ ಹುಲಿಯ ತಲೆಯೂ ಮೇಲಿದ್ದ ಹುಮಾ ಪಕ್ಷಿಯೂ ವಿಂಡ್ಸರ್ ಅರಮನೆಯನ್ನು ಸೇರಿದವು. ಕಟಾಂಜನದ ಮೇಲಿದ್ದ ಎಂಟು ಚಿಕ್ಕ ಹುಲಿತಲೆಗಳು ಬೇರೆ ಬೇರೆಯವರ ಪಾಲಾದವು. ಅವುಗಳಲ್ಲಿ ಒಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಅಂದಿನ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್‌ನ ಕುಟುಂಬವು ಸಂಗ್ರಹಿಸಿದ ಟಿಪ್ಪುವಿನ ಡೇರೆಯೂ ಅಲ್ಲಿದೆ.

ಟಿಪ್ಪುವಿನ ಗ್ರಂಥಭಂಡಾರವು ಕಲ್ಕತ್ತೆ ಮತ್ತು ಇಂಗ್ಲೆಂಡಿನ ಸಂಸ್ಥೆಗಳ ನಡುವೆ ಹಂಚಿಹೋಯಿತು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದನು. ಬ್ರಿಟಿಷ್ ಸೈನಿಕನ ಮೇಲೆರಗಿದ ಹುಲಿಯ ಯಾಂತ್ರಿಕ ಬೊಂಬೆಯನ್ನು 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಪ್ರದರ್ಶಿಸಲಾಯಿತು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಕುಖ್ಯಾತಿ ಮತ್ತು ಬೇಡಿಕೆ

ಸಾಮಾನ್ಯ ಖಡ್ಗಕ್ಕಿಂತ ಟಿಪ್ಪುವಿನ ಖಡ್ಗಕ್ಕೆ ಹೆಚ್ಚು ಬೆಲೆ ಬರಲು ಅವನ ಸುತ್ತ ಬೆಳೆದ ಖ್ಯಾತಿ ಮತ್ತು ಕುಖ್ಯಾತಿಗಳು ಮುಖ್ಯ ಕಾರಣ. ಬ್ರಿಟಿಷ್ ಸೆರೆಯಾಳುಗಳು ಬರೆದ ಕಥನಗಳು ಅವನನ್ನು ಕ್ರೂರಿಯೆಂದು ಚಿತ್ರಿಸಿದವು. ಲಂಡನ್ನಿನ ರಂಗಮಂದಿರಗಳಲ್ಲಿ ಅವನ ಸೋಲನ್ನು ಕುರಿತ ಪ್ರದರ್ಶನಗಳು ನಡೆದವು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಆಕ್ರಮಣದ ಬೃಹತ್ ಚಿತ್ರವನ್ನು ಪ್ರದರ್ಶಿಸಿದನು. ಕಂಪನಿಯು ಯುದ್ಧದಲ್ಲಿ ಭಾಗವಹಿಸಿದವರಿಗೆ ಹಂಚಿದ ಪದಕದ ಮೇಲೆ ಬ್ರಿಟನ್ನಿನ ಸಿಂಹವು ಮೈಸೂರಿನ ಹುಲಿಯನ್ನು ಕೆಡವಿದ ಚಿತ್ರವಿತ್ತು. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಚಿನ್ನ, ಬೆಳ್ಳಿ, ಕಂಚು ಮತ್ತು ತವರಗಳಲ್ಲಿ ತಯಾರಾದ ಈ ಪದಕವೂ ಇಂದು ಸಂಗ್ರಾಹಕರು ಅರಸುವ ವಸ್ತುವಾಗಿದೆ. ವಿಲ್ಕಿ ಕಾಲಿನ್ಸ್‌ನ 1868ರ ಕಾದಂಬರಿ ‘ದಿ ಮೂನ್‌ಸ್ಟೋನ್’ ಆರಂಭವಾಗುವುದು ಶ್ರೀರಂಗಪಟ್ಟಣದ ಲೂಟಿಯಿಂದಲೇ.

ಕರ್ನಾಟಕದಲ್ಲಿ ಟಿಪ್ಪುವಿನ ಕುರಿತ ಅಭಿಪ್ರಾಯಗಳು ಭಿನ್ನವಾಗಿವೆ. ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಅರಸನೆಂದು, ರೇಷ್ಮೆ ಉದ್ಯಮಕ್ಕೂ ರಾಕೆಟ್ ತಂತ್ರಜ್ಞಾನಕ್ಕೂ ಪ್ರೋತ್ಸಾಹ ನೀಡಿದವನೆಂದು ಅನೇಕರು ಅವನನ್ನು ಸ್ಮರಿಸುತ್ತಾರೆ. ಕೊಡವರು, ಕರಾವಳಿಯ ಕ್ರೈಸ್ತರು ಹಾಗೂ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರಲ್ಲಿ ದಂಡಯಾತ್ರೆ, ಸೆರೆವಾಸ ಮತ್ತು ಹತ್ಯೆಗಳ ನೆನಪು ಉಳಿದಿದೆ. ಉತ್ತರ ಕರ್ನಾಟಕದಲ್ಲಿ 1785ರ ನರಗುಂದ ಮತ್ತು ಕಿತ್ತೂರುಗಳ ಮೇಲಿನ ದಾಳಿ ಹಾಗೂ 1786ರಲ್ಲಿ ಮರಾಠ ಮತ್ತು ನಿಜಾಮರ ಸೇನೆಗಳು ಬಾದಾಮಿಗೆ ಹಾಕಿದ ಮುತ್ತಿಗೆ ಅವನ ಕಾಲದ ಪ್ರಮುಖ ಘಟನೆಗಳಾಗಿವೆ. ರಾಜ್ಯ ಸರ್ಕಾರವು 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿಯನ್ನು 2019ರಲ್ಲಿ ರದ್ದುಪಡಿಸಲಾಯಿತು. ಹೀಗಾಗಿ ಅವನ ವಸ್ತುವೊಂದು ಹರಾಜಿಗೆ ಬಂದಾಗಲೆಲ್ಲ, ಅದನ್ನು ಮರಳಿ ತರಬೇಕೇ ಎಂಬ ಪ್ರಶ್ನೆಯು ಅವನು ಎಂಥ ಅರಸನಾಗಿದ್ದನೆಂಬ ವಿವಾದದೊಡನೆ ಬೆರೆತುಹೋಗುತ್ತದೆ.

ಗುರುತಿಸುವ ಕ್ರಮ

ವಸ್ತುವೊಂದು ಟಿಪ್ಪುವಿನ ಆಸ್ಥಾನದ್ದೇ ಎಂದು ನಿರ್ಧರಿಸಲು ತಜ್ಞರು ಮುಖ್ಯವಾಗಿ ಎರಡು ಬಗೆಯ ಆಧಾರಗಳನ್ನು ಪರಿಶೀಲಿಸುತ್ತಾರೆ.

ಮೊದಲನೆಯದು ವಸ್ತುವಿನ ಮೇಲಿರುವ ಗುರುತುಗಳು. ‘ಬಬ್ರಿ’ ಎಂದು ಕರೆಯಲಾಗುವ ಹುಲಿಪಟ್ಟೆಯ ವಿನ್ಯಾಸ, ಹಿಡಿಯ ಹುಲಿಮುಖ, ಪರ್ಷಿಯನ್ ಮತ್ತು ಅರಬ್ಬೀ ಬರಹ ಹಾಗೂ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷಸಂಖ್ಯೆ ಇವುಗಳಲ್ಲಿ ಪ್ರಮುಖವಾದವು. ಈ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆದರೆ ಅರಮನೆಯ ಕಾರ್ಯಾಗಾರಗಳಲ್ಲಿ ತಯಾರಾದ ಆಯುಧಗಳೆಲ್ಲವೂ ಅರಸನ ಸ್ವಂತ ಬಳಕೆಯವಲ್ಲ. ಹುಲಿಪಟ್ಟೆಯಿದ್ದ ಮಾತ್ರಕ್ಕೆ ಅದು ಟಿಪ್ಪು ಹಿಡಿದ ಖಡ್ಗವೆಂದು ಹೇಳಲಾಗದು.

ಎರಡನೆಯದು ಒಡೆತನದ ಇತಿಹಾಸ. ವಸ್ತುವು ಯಾವ ಅಧಿಕಾರಿಗೆ ದೊರೆಯಿತು, ಆತ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದನೇ, ಅನಂತರ ಯಾರ ಕೈಗೆ ಹೋಯಿತು ಎಂಬುದನ್ನು ಪತ್ರ, ಉಯಿಲು, ಕೆತ್ತಿದ ಬರಹ ಮತ್ತು ಹಳೆಯ ಹರಾಜಿನ ಪಟ್ಟಿಗಳಿಂದ ತೋರಿಸಬೇಕಾಗುತ್ತದೆ. ಈ ಸರಪಳಿಯಲ್ಲಿ ಕೊಂಡಿ ಕಳಚಿದ್ದರೆ ಬೆಲೆ ಇಳಿಯುತ್ತದೆ. ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಹೇಳಿಕೆಯಷ್ಟೇ ಇದ್ದಲ್ಲಿ ಹರಾಜು ಸಂಸ್ಥೆಗಳು ಎಚ್ಚರಿಕೆಯ ಮಾತುಗಳಲ್ಲಿ ವಿವರಣೆ ನೀಡುತ್ತವೆ.

ಪ್ರಮುಖ ಹರಾಜುಗಳು

2003ರಲ್ಲಿ ಕರ್ನಾಟಕದ ಉದ್ಯಮಿ ವಿಜಯ್ ಮಲ್ಯ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗವೊಂದನ್ನು ಕೊಂಡರು. 2004ರ ಚುನಾವಣೆಗೆ ಮುನ್ನ ಈ ಖರೀದಿಯನ್ನು ಪ್ರಕಟಿಸಿದಾಗ ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು. ಖಡ್ಗವನ್ನು 2016ರಲ್ಲಿಯೇ ಬೇರೆಯವರಿಗೆ ಕೊಟ್ಟಿರುವುದಾಗಿ ಮಲ್ಯ ತಿಳಿಸಿದ್ದಾರೆಂಬ ಸಂಗತಿಯು 2018ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಬೆಳಕಿಗೆ ಬಂದಿತು. ಖಾಸಗಿ ವ್ಯಕ್ತಿಯೊಬ್ಬರು ಕೊಂಡ ವಸ್ತುವು ಸಾರ್ವಜನಿಕರ ಸ್ವತ್ತಾಗುವುದಿಲ್ಲವೆಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸಬಹುದು.

ಸಿಂಹಾಸನದ ಹುಲಿತಲೆಗಳಲ್ಲಿ ಒಂದು 2009ರಲ್ಲಿ 3,89,600 ಪೌಂಡುಗಳಿಗೂ ಇನ್ನೊಂದು 2010ರಲ್ಲಿ 4,34,400 ಪೌಂಡುಗಳಿಗೂ ಬಾನ್‌ಹ್ಯಾಮ್ಸ್‌ನಲ್ಲಿ ಮಾರಾಟವಾದವು. 2014ರಲ್ಲಿ ಕ್ರಿಸ್ಟೀಸ್ ಸಂಸ್ಥೆಯು ದೇವನಾಗರಿಯಲ್ಲಿ ‘ರಾಮ’ ಎಂದು ಬರೆದಿರುವ ಚಿನ್ನದ ಉಂಗುರವೊಂದನ್ನು 1,45,000 ಪೌಂಡುಗಳಿಗೆ ಮಾರಿತು. ಅದು ಟಿಪ್ಪುವಿನ ಬೆರಳಿನಿಂದ ತೆಗೆದದ್ದೆಂದು ಹೇಳಲಾಗಿತ್ತು. 2015ರ ಏಪ್ರಿಲ್‌ನಲ್ಲಿ ಸಂಗ್ರಾಹಕ ರಾಬಿನ್ ವಿಗಿಂಗ್ಟನ್‌ರ 30 ವಸ್ತುಗಳು ಒಟ್ಟಾರೆ 60 ಲಕ್ಷ ಪೌಂಡುಗಳಿಗೂ ಹೆಚ್ಚು ಬೆಲೆ ಪಡೆದವು. ಅವುಗಳಲ್ಲಿ ಹುಲಿಮುಖದ ಹಿಡಿಯ ಖಡ್ಗವೊಂದಕ್ಕೇ 21,54,500 ಪೌಂಡು ಬಂದಿತು.

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ದೊರೆತ, ಕಂಪನಿಯ ಮೇಜರ್ ಥಾಮಸ್ ಹಾರ್ಟ್ ತಂದಿದ್ದ ಬಂದೂಕು, ಖಡ್ಗ ಮುಂತಾದವು ಒಟ್ಟು 1,07,000 ಪೌಂಡುಗಳಿಗೆ ಮಾರಾಟವಾದವು. ಹರಾಜನ್ನು ಕೈಬಿಡಬೇಕೆಂದು ಭಾರತದಿಂದ ಬಂದ ಮನವಿಗಳು ಫಲಿಸಲಿಲ್ಲ.

2023ರಲ್ಲಿ ಮಾರಾಟವಾದ ಶಯನಾಗಾರದ ಖಡ್ಗವು ಟಿಪ್ಪುವಿನ ಖಾಸಗಿ ಕೋಣೆಯಲ್ಲಿ ದೊರೆತು, ದಾಳಿಯ ನೇತೃತ್ವ ವಹಿಸಿದ್ದ ಬೇರ್ಡ್‌ನಿಗೆ ಕಾಣಿಕೆಯಾಗಿ ಸಂದಿತ್ತು. ಅದರ ಅಂದಾಜು ಬೆಲೆ 15ರಿಂದ 20 ಲಕ್ಷ ಪೌಂಡುಗಳಷ್ಟಿದ್ದರೂ ಹರಾಜಿನಲ್ಲಿ ಅದರ ಏಳು ಪಟ್ಟಿಗೂ ಹೆಚ್ಚು (ಸುಮಾರು 144 ಕೋಟಿ ರೂಪಾಯಿ) ಬಂದಿತು. ಬೆಲೆಯನ್ನು ಊಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮತ್ತೊಂದು ನಿದರ್ಶನ ದೊರೆಯಿತು: ಕಾರ್ನ್‌ವಾಲಿಸ್ ಮನೆತನದಿಂದ ಬಂದ ಟಿಪ್ಪುವಿನ ಇನ್ನೊಂದು ಖಡ್ಗವು ಕ್ರಿಸ್ಟೀಸ್‌ನ ಹರಾಜಿನಲ್ಲಿ ಮಾರಾಟವಾಗಲೇ ಇಲ್ಲ.

ಕಾನೂನಿನ ಸ್ಥಿತಿ

ಯುದ್ಧದಲ್ಲಿ ಲೂಟಿಯನ್ನು ನಿಷೇಧಿಸಿದ ಹೇಗ್ ಒಪ್ಪಂದವು ರೂಪುಗೊಂಡದ್ದು 1899ರಲ್ಲಿ, ಅಂದರೆ ಶ್ರೀರಂಗಪಟ್ಟಣದ ಪತನಕ್ಕೆ ಸರಿಯಾಗಿ ನೂರು ವರ್ಷಗಳ ಅನಂತರ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯುವ 1970ರ ಯುನೆಸ್ಕೊ ಒಪ್ಪಂದವು ಪೂರ್ವಾನ್ವಯವಾಗುವುದಿಲ್ಲ. ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷಕ್ಕೂ ಹಳೆಯ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಆದರೆ ಬಹಳ ಹಿಂದೆಯೇ ದೇಶದ ಹೊರಗೆ ಹೋದ ವಸ್ತುಗಳನ್ನು ಮರಳಿ ಪಡೆಯಲು ಅದರಿಂದ ಪ್ರಯೋಜನವಿಲ್ಲ. ಆದುದರಿಂದ 1799ರ ವಸ್ತುಗಳ ಮಾರಾಟವನ್ನು ನ್ಯಾಯಾಲಯದ ಮೂಲಕ ತಡೆಯುವುದು ಕಷ್ಟಸಾಧ್ಯ.

ಇದಕ್ಕೆ ವ್ಯತಿರಿಕ್ತವಾಗಿ, ಬ್ರಿಟನ್ನಿನ ಕಾನೂನು ಅಲ್ಲಿರುವ ವಸ್ತುಗಳನ್ನು ಆ ದೇಶದಲ್ಲಿಯೇ ಉಳಿಸಿಕೊಳ್ಳಲು ಅವಕಾಶ ನೀಡುತ್ತದೆ. 2021ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರವು 15 ಲಕ್ಷ ಪೌಂಡು ಬೆಲೆಯ ಸಿಂಹಾಸನದ ಹುಲಿತಲೆಯೊಂದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿ, ಬ್ರಿಟನ್ನಿನ ಸಂಸ್ಥೆ ಅಥವಾ ವ್ಯಕ್ತಿಗಳು ಅದನ್ನು ಕೊಳ್ಳಲು ಕಾಲಾವಕಾಶ ನೀಡಿತು.

ಮರಳಿ ಪಡೆಯುವ ಮಾರ್ಗಗಳು

ಕಾನೂನಿನ ಬಲವಿಲ್ಲದಿದ್ದಾಗ ಮೂರು ಮಾರ್ಗಗಳು ಬಳಕೆಯಲ್ಲಿವೆ. ಮೊದಲನೆಯದು ಸ್ವಯಂಪ್ರೇರಿತ ಮರಳಿಕೆ. 2022ರಲ್ಲಿ ಗ್ಲಾಸ್ಗೊ ವಸ್ತುಸಂಗ್ರಹಾಲಯಗಳು ಹೈದರಾಬಾದಿನ ನಿಜಾಮನ ಸಂಗ್ರಹದಿಂದ ಕಳುವಾಗಿದ್ದ ಖಡ್ಗವೂ ಸೇರಿದಂತೆ ಏಳು ವಸ್ತುಗಳನ್ನು ಭಾರತಕ್ಕೆ ನೀಡಲು ಒಪ್ಪಿದವು. ಎರಡನೆಯದು ಎರವಲು. ಶಿವಾಜಿಗೆ ಸಂಬಂಧಿಸಿದ್ದೆನ್ನಲಾದ ವ್ಯಾಘ್ರನಖವು 2024ರಲ್ಲಿ ಮೂರು ವರ್ಷಗಳ ಅವಧಿಗೆ ಮಹಾರಾಷ್ಟ್ರಕ್ಕೆ ಬಂದಿತು. ಮೂರನೆಯದು ಖರೀದಿ. ನಾಗಪುರದ ರಘುಜಿ ಭೋಸಲೆಯ ಖಡ್ಗವನ್ನು 2025ರಲ್ಲಿ ಮಹಾರಾಷ್ಟ್ರ ಸರ್ಕಾರವು ಸುಮಾರು 47 ಲಕ್ಷ ರೂಪಾಯಿಗಳಿಗೆ ಪಡೆದುಕೊಂಡಿತು.

ಖರೀದಿಯನ್ನು ವಿರೋಧಿಸುವವರು, ಲೂಟಿಯಾದ ವಸ್ತುವಿಗೆ ಹಣ ತೆರುವುದು ಲೂಟಿಯನ್ನು ಒಪ್ಪಿಕೊಂಡಂತಾಗುತ್ತದೆಂದೂ, ಸರ್ಕಾರಗಳು ಹರಾಜಿಗಿಳಿದರೆ ಬೆಲೆ ಇನ್ನಷ್ಟು ಏರುತ್ತದೆಂದೂ ವಾದಿಸುತ್ತಾರೆ. ಖಾಸಗಿ ಸಂಗ್ರಹ ಸೇರಿದ ವಸ್ತುವು ಸಂಶೋಧಕರಿಗೂ ಜನರಿಗೂ ದೊರೆಯದೆ ಹೋಗುವುದರಿಂದ ಕೊಳ್ಳುವುದೇ ಲೇಸೆಂಬುದು ಇನ್ನೊಂದು ಪಕ್ಷದ ನಿಲುವು.

ಕರ್ನಾಟಕದಲ್ಲಿ ಉಳಿದಿರುವ ವಸ್ತುಗಳು

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಗೋಡೆಗಳ ಮೇಲೆ ಪೊಳ್ಳಿಲೂರು ಕದನದ ಚಿತ್ರಗಳಿದ್ದು, ಒಳಗೆ ಟಿಪ್ಪುವಿನ ಕಾಲದ ವಸ್ತುಗಳ ಸಂಗ್ರಹವಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ (ಹಿಂದಿನ ಬಿದನೂರು) ಪಾಳುಬಾವಿಯೊಂದರಿಂದ ರಾಜ್ಯ ಪುರಾತತ್ತ್ವ ಇಲಾಖೆಯು ಸಾವಿರಕ್ಕೂ ಹೆಚ್ಚು ಕಬ್ಬಿಣದ ಯುದ್ಧರಾಕೆಟ್‌ಗಳನ್ನು ಹೊರತೆಗೆಯಿತು. ಇವು ಟಿಪ್ಪುವಿನ ಕಾಲದವೆಂದು ಗುರುತಿಸಲಾಗಿದ್ದು, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿವೆ. ಯಾವ ಅಧಿಕಾರಿಯ ಪಾಲಿಗೂ ಹೋಗದೆ ಮಣ್ಣಿನಲ್ಲಿಯೇ ಉಳಿದ ಕಾರಣ ಇವುಗಳಿಗೆ ಹರಾಜಿನ ಬೆಲೆಯಿಲ್ಲ. ಆದರೆ ದೊರೆತ ಸ್ಥಳವು ದಾಖಲಾಗಿರುವುದರಿಂದ, ಮೈಸೂರಿನ ಯುದ್ಧತಂತ್ರಜ್ಞಾನದ ಅಧ್ಯಯನಕ್ಕೆ ಇವು ಮಹತ್ವದ ಆಕರಗಳಾಗಿವೆ.