ದೂರದೃಶ್ಯದ ಮಸೂರ: ಆಯ್ಕೆಯ ವಿವೇಕ

ಯಾವುದೇ ಪದಾರ್ಥದ ವಿಚಾರವನ್ನು ಕೈಗೊಳ್ಳುವಾಗ ಉದ್ದೇಶ, ಲಕ್ಷಣ, ಪರೀಕ್ಷೆ ಎಂಬ ಮೂರು ಹಂತಗಳನ್ನು ಅನುಸರಿಸುವುದು ನ್ಯಾಯಶಾಸ್ತ್ರದ ಪದ್ಧತಿ. ವಸ್ತುವನ್ನು ಹೆಸರಿಸುವುದು ಉದ್ದೇಶ. ಇತರ ವಸ್ತುಗಳಿಂದ ಅದನ್ನು ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಸಲ್ಲುತ್ತದೆಯೋ ಇಲ್ಲವೋ ಎಂದು ಒರೆಗೆ ಹಚ್ಚುವುದು ಪರೀಕ್ಷೆ. ಈ ಕ್ರಮವು ಪ್ರಮಾಣ ಪ್ರಮೇಯಗಳ ಚರ್ಚೆಗೆ ಮಾತ್ರ ಮೀಸಲಾದುದಲ್ಲ. ಹಣ ತೆತ್ತು ಕೊಳ್ಳುವ ಒಂದು ಉಪಕರಣದ ವಿಷಯದಲ್ಲಿಯೂ ಇದೇ ಕ್ರಮವು ನಮ್ಮನ್ನು ನಷ್ಟದಿಂದ ಕಾಯುತ್ತದೆ.

ಕನ್ನಡ ಪಂಡಿತನಿಗೂ ಕ್ಯಾಮರಾದ ಮಸೂರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಶಾಲೆಯ ಸಮಾರಂಭಗಳ ಚಿತ್ರಗಳನ್ನು ಆಯ್ದು, ಅಡಿಬರಹ ಬರೆದು, ಸಂಚಿಕೆಗೆ ಹೊಂದಿಸುವ ಕಾರ್ಯವು ಸಾಮಾನ್ಯವಾಗಿ ಭಾಷಾ ಶಿಕ್ಷಕನ ಪಾಲಿಗೇ ಬರುತ್ತದೆ. ಹೀಗಿರುವಾಗ ಚಿತ್ರ ಏಕೆ ಮಸುಕಾಯಿತು, ವೇದಿಕೆಯ ಮೇಲಿನವರು ಏಕೆ ಬೆರಳಿನ ಗಾತ್ರಕ್ಕೆ ಕುಗ್ಗಿದರು ಎಂಬ ಪ್ರಶ್ನೆಗಳಿಂದ ಅವನು ತಪ್ಪಿಸಿಕೊಳ್ಳಲಾರನು. ಇತ್ತೀಚೆಗೆ ಹಳೆಯ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ: ‘ಶಾಲೆಯ ಕ್ಯಾಮರಾಕ್ಕೆ ದೂರದ ಚಿತ್ರ ತೆಗೆಯುವ ಮಸೂರವೊಂದನ್ನು ಕೊಡಬೇಕೆಂದಿದ್ದೇವೆ, ಯಾವುದನ್ನು ಕೊಡೋಣ?’ ದಾನಕ್ಕೆ ಪಾತ್ರವನ್ನರಿತಂತೆ ವಸ್ತುವನ್ನೂ ಅರಿಯಬೇಕು. ಅದಕ್ಕಾಗಿ ಈ ಲೇಖನ.

ಉದ್ದೇಶ

ಮಸೂರದ ಮೇಲೆ ೭೦-೩೦೦ ಮಿ.ಮೀ. ಎಂದು ಕೆತ್ತಿರುವುದನ್ನು ನಾವು ಕಾಣುತ್ತೇವೆ. ಇದು ಸಂಗಮದೂರದ ಅಳತೆ. ದೂರದ ವಸ್ತುವಿನಿಂದ ಬಂದ ಕಿರಣಗಳನ್ನು ಮಸೂರವು ಒಂದೆಡೆ ಕೂಡಿಸುವ ಅಂತರವನ್ನು ಇದು ಸೂಚಿಸುತ್ತದೆ. ಈ ಸಂಖ್ಯೆ ಹೆಚ್ಚಿದಂತೆಲ್ಲ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ. ಹೆಚ್ಚಿನ ಸಂಗಮದೂರದ ಮಸೂರವನ್ನು ಟೆಲಿಫೋಟೊ ಎಂದೂ, ಒಂದು ಮಿತಿಯೊಳಗೆ ಸಂಗಮದೂರವನ್ನು ಬದಲಾಯಿಸಬಲ್ಲ ಮಸೂರವನ್ನು ಜೂಮ್ ಎಂದೂ ಕರೆಯುವುದು ರೂಢಿ. ೩೫ ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮರಾಗಳಿಗೆ ಮೊದಲ ಜೂಮ್ ಮಸೂರವು ೧೯೫೯ರಲ್ಲಿ ಜೂಮಾರ್ ಎಂಬ ಹೆಸರಿನಿಂದ ಬಂದಿತು. ಅದರ ವ್ಯಾಪ್ತಿ ೩೬ರಿಂದ ೮೨ ಮಿ.ಮೀ. ಮಾತ್ರ. ಇಂದು ೧೫೦ರಿಂದ ೬೦೦ ಮಿ.ಮೀ.ವರೆಗಿನ ಮಸೂರಗಳು ಹವ್ಯಾಸಿಗಳ ಕೈಗೆ ಬಂದಿವೆ.

ಲಕ್ಷಣ

ಫಿಲ್ಮ್ ಕ್ಯಾಮರಾದ ಒಂದು ಚೌಕಟ್ಟು ೩೬ ಮಿ.ಮೀ. ಉದ್ದ, ೨೪ ಮಿ.ಮೀ. ಎತ್ತರವಿತ್ತು. ಅಷ್ಟೇ ಅಳತೆಯ ವಿದ್ಯುನ್ಮಾನ ಬಿಂಬಗ್ರಾಹಕಕ್ಕೆ ಫುಲ್ ಫ್ರೇಮ್ ಎಂದು ಹೆಸರು. ಶಾಲೆ, ಗ್ರಂಥಾಲಯ, ಮಧ್ಯಮವರ್ಗದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇದಕ್ಕಿಂತ ಚಿಕ್ಕದಾದ ಗ್ರಾಹಕವುಳ್ಳ ಕ್ರಾಪ್ ಸೆನ್ಸರ್ ಕ್ಯಾಮರಾ. ನಿಕಾನ್ ಮತ್ತು ಸೋನಿ ಸಂಸ್ಥೆಗಳ ಇಂಥ ಕ್ಯಾಮರಾಗಳಲ್ಲಿ ಗ್ರಾಹಕವು ಸುಮಾರು ೨೩.೫ × ೧೫.೬ ಮಿ.ಮೀ., ಕ್ಯಾನನ್‌ನಲ್ಲಿ ಸುಮಾರು ೨೨.೩ × ೧೪.೯ ಮಿ.ಮೀ. ಆದುದರಿಂದಲೇ ೧.೫ ಮತ್ತು ೧.೬ ಎಂಬ ಗುಣಕಗಳು ಪ್ರಚಾರದಲ್ಲಿವೆ.

ಇಲ್ಲಿಯೇ ಅಂಗಡಿಕಾರರ ಮಾತು ದಾರಿ ತಪ್ಪಿಸುತ್ತದೆ. ‘ನಿಮ್ಮ ಕ್ಯಾಮರಾಕ್ಕೆ ಹಾಕಿದರೆ ೩೦೦ರ ಮಸೂರ ೪೫೦ ಆಗುತ್ತದೆ’ ಎಂದು ಅವರು ಹೇಳುತ್ತಾರೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ತರ್ಕಶಾಸ್ತ್ರವು ಹೇಳಿದೆಯಷ್ಟೆ. ಈ ಮಾತಿಗೆ ತಗಲುವುದು ಮೂರನೆಯದು. ೩೦೦ರ ಮಸೂರ ಎಲ್ಲಿಯೂ ೪೫೦ ಆಗದು. ಅದು ಮೂಡಿಸುವ ಬಿಂಬದ ಗಾತ್ರ ಎರಡು ಕ್ಯಾಮರಾಗಳಲ್ಲಿಯೂ ಒಂದೇ. ಚಿಕ್ಕ ಗ್ರಾಹಕವು ಬಿಂಬದ ಅಂಚುಗಳನ್ನು ಬಿಟ್ಟು ನಡುವಣ ಭಾಗವನ್ನಷ್ಟೇ ಹಿಡಿಯುತ್ತದೆ. ಗೋಡೆಯ ಮೇಲಿನ ಪಟದ ಸುತ್ತಲಂಚನ್ನು ಕತ್ತರಿಸಿ ಉಳಿದುದನ್ನು ಹಳೆಯ ಅಳತೆಗೆ ಹಿಗ್ಗಿಸಿದರೆ ಒಳಗಿನ ಮುಖ ದೊಡ್ಡದಾಗಿ ಕಾಣುವುದಿಲ್ಲವೆ? ಹಾಗೆಯೇ ಇದು.

ಹಾಗೆಂದು ಚಿಕ್ಕ ಗ್ರಾಹಕದಿಂದ ಲಾಭವೇ ಇಲ್ಲವೆಂದಲ್ಲ. ಎರಡು ಕ್ಯಾಮರಾಗಳಲ್ಲಿಯೂ ೨೪೦ ಲಕ್ಷ ಬಿಂದುಗಳಿವೆ ಎಂದುಕೊಳ್ಳೋಣ. ೧.೫ ಗುಣಕದ ಗ್ರಾಹಕದಲ್ಲಿ ಅವು ದಟ್ಟವಾಗಿ ಕೂಡಿರುವುದರಿಂದ, ಅದೇ ಮಸೂರದಿಂದ ಅದೇ ದೂರದಲ್ಲಿ ತೆಗೆದಾಗ ದೂರದ ಹಕ್ಕಿಯ ಮೇಲೆ ಬೀಳುವ ಬಿಂದುಗಳ ಸಂಖ್ಯೆ ೨.೨೫ ಪಟ್ಟು ಹೆಚ್ಚಾಗುತ್ತದೆ. ದೂರದ ಚಿತ್ರಕ್ಕೆ ಕ್ರಾಪ್ ಸೆನ್ಸರ್ ಒದಗಿಸುವ ನಿಜವಾದ ನೆರವು ಇದು. ಕಡಮೆ ಬೆಲೆಯ ಕ್ಯಾಮರಾವೆಂದು ಇದನ್ನು ಹೀನೈಸಬೇಕಾಗಿಲ್ಲ.

ಪರೀಕ್ಷೆ

ಮೊದಲನೆಯದು ದೂರದ ಪರೀಕ್ಷೆ. ಇದಕ್ಕೆ ಎಂಟನೆಯ ತರಗತಿಯ ಗಣಿತ ಸಾಕು. ವಸ್ತುವಿನ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ವಸ್ತುವಿರುವ ದೂರದಿಂದ ಭಾಗಿಸಿದರೆ ಗ್ರಾಹಕದ ಮೇಲಿನ ಬಿಂಬದ ಎತ್ತರ ದೊರೆಯುತ್ತದೆ. ಎಲ್ಲವನ್ನೂ ಮಿ.ಮೀ.ಗಳಲ್ಲಿಯೇ ಹಿಡಿಯತಕ್ಕದ್ದು. ಶಾಲೆಯ ಅಂಗಳದಲ್ಲಿ ವೇದಿಕೆಯಿಂದ ೨೦ ಮೀಟರು ದೂರದಲ್ಲಿ ನಿಂತಿದ್ದೇವೆ. ಭಾಷಣಕಾರರ ಎತ್ತರ ೧೬೫ ಸೆಂ.ಮೀ. ೫೦ ಮಿ.ಮೀ. ಮಸೂರದಲ್ಲಿ ಅವರ ಬಿಂಬ ಕೇವಲ ೪ ಮಿ.ಮೀ.; ೧೩೫ ಮಿ.ಮೀ. ಮಸೂರದಲ್ಲಿ ೧೧ ಮಿ.ಮೀ. ಚೌಕಟ್ಟಿನ ಎತ್ತರ ೧೫.೬ ಮಿ.ಮೀ. ಆದ ಕಾರಣ ಇದು ಹಿತವಾದ ಅಳತೆ. ೨೦೦ಕ್ಕೆ ಹೋದರೆ ಬಿಂಬ ೧೬.೫ ಮಿ.ಮೀ. ಆಗಿ ಚೌಕಟ್ಟನ್ನು ಮೀರುತ್ತದೆ. ಹೀಗೆ ಶಾಲೆಯ ಸಮಾರಂಭ, ಕ್ರೀಡಾಕೂಟ, ಊರ ಜಾತ್ರೆಯ ತೇರು ಇವುಗಳಿಗೆ ೭೦ರಿಂದ ೩೦೦ರವರೆಗಿನ ಮಸೂರ ಧಾರಾಳವಾಗಿ ಸಾಲುತ್ತದೆ.

ಕಾಡಿನ ಲೆಕ್ಕವೇ ಬೇರೆ. ಮೇಡ್ಲೇರಿಯಿರುವ ರಾಣೇಬೆನ್ನೂರು ತಾಲೂಕು ಕೃಷ್ಣಮೃಗಗಳ ಸೀಮೆ. ೧೯೭೪ರಲ್ಲಿ ಘೋಷಿತವಾದ ರಾಣೇಬೆನ್ನೂರು ಕೃಷ್ಣಮೃಗ ವನ್ಯಜೀವಿಧಾಮದ ವಿಸ್ತೀರ್ಣ ೧೧೯ ಚದರ ಕಿಲೋಮೀಟರು. ಕೃಷ್ಣಮೃಗದ ಭುಜದ ಎತ್ತರ ಹೆಚ್ಚುಕಡಮೆ ೮೦ ಸೆಂ.ಮೀ. ೧೦೦ ಮೀಟರು ದೂರದಿಂದ ೩೦೦ ಮಿ.ಮೀ. ಮಸೂರದಲ್ಲಿ ಅದರ ಬಿಂಬ ೨.೪ ಮಿ.ಮೀ.; ೬೦೦ ಮಿ.ಮೀ. ಮಸೂರದಲ್ಲಿ ೪.೮ ಮಿ.ಮೀ. ಮೃಗವೇ ೫೦ ಮೀಟರಿಗೆ ಬಂದರೆ ೩೦೦ರಲ್ಲಿಯೇ ೪.೮ ಮಿ.ಮೀ. ಸಿಗುತ್ತದೆ. ದೂರವನ್ನು ಅರ್ಧ ಮಾಡುವುದೂ ಮಸೂರವನ್ನು ಇಮ್ಮಡಿ ಮಾಡುವುದೂ ಬಿಂಬದ ಮಟ್ಟಿಗೆ ಸಮಾನ. ಆದರೆ ದೂರವನ್ನು ಅರ್ಧಗೊಳಿಸಬೇಕಾದವರು ನಾವಲ್ಲ, ಆ ಮೃಗ. ಈ ಮಾತಿಗೆ ಮುಂದೆ ಬರುತ್ತೇನೆ.

ಎರಡನೆಯದು ಬೆಳಕಿನ ಪರೀಕ್ಷೆ. ಎಫ್/೪, ಎಫ್/೫.೬ ಎಂಬ ಅಂಕಿಗಳು ದ್ಯುತಿರಂಧ್ರವನ್ನು ಸೂಚಿಸುತ್ತವೆ. ಅಂಕಿ ಕಿರಿದಾದಷ್ಟೂ ಕಂಡಿ ಹಿರಿದು. ಎಫ್/೨.೮ಕ್ಕೆ ಹೋಲಿಸಿದರೆ ಎಫ್/೫.೬ರಲ್ಲಿ ಒಳಬರುವ ಬೆಳಕು ನಾಲ್ಕನೆಯ ಒಂದು ಪಾಲು. ಕಡಮೆ ಬೆಲೆಯ ಜೂಮ್ ಮಸೂರಗಳು ಉದ್ದಕ್ಕೆ ಚಾಚಿದಾಗ ಎಫ್/೫.೬ ಅಥವಾ ಎಫ್/೬.೩ಕ್ಕೆ ಇಳಿಯುತ್ತವೆ. ಹಗಲಿನ ಬಯಲಿನಲ್ಲಿ ಇದು ಕೊರತೆಯಲ್ಲ. ರಾತ್ರಿಯ ನಾಟಕಕ್ಕೆ ಮಾತ್ರ ತೊಡಕು. ಅಂಥ ಸಂದರ್ಭಕ್ಕೆ ದೊಡ್ಡ ಜೂಮನ್ನು ಕೊಳ್ಳುವ ಬದಲು ೮೫ ಮಿ.ಮೀ., ಎಫ್/೧.೮ರ ಸ್ಥಿರ ಮಸೂರವನ್ನು ಜೊತೆಗಿರಿಸಿಕೊಂಡು ವೇದಿಕೆಗೆ ಸಮೀಪ ಕುಳಿತುಕೊಳ್ಳುವುದು ಲೇಸು. ಎಫ್/೬.೩ಕ್ಕಿಂತ ಅದು ಸುಮಾರು ಹನ್ನೆರಡು ಪಟ್ಟು ಬೆಳಕನ್ನು ಬರಮಾಡಿಕೊಳ್ಳುತ್ತದೆ.

ಮೂರನೆಯದು ಕೈನಡುಕದ ಪರೀಕ್ಷೆ. ಮಸೂರ ಉದ್ದವಾದಂತೆ ಕೈಯ ಸಣ್ಣ ಅಲುಗಾಟವೂ ದೊಡ್ಡದಾಗುತ್ತದೆ. ಸಂಗಮದೂರವನ್ನು ೧.೫ರಿಂದ ಗುಣಿಸಿ, ಸೆಕೆಂಡಿನ ಅಷ್ಟನೆಯ ಭಾಗಕ್ಕಿಂತ ಹೆಚ್ಚು ಕಾಲ ಕವಾಟವನ್ನು ತೆರೆದಿಡಬಾರದೆಂಬುದು ಹಳೆಯ ಸೂತ್ರ. ೩೦೦ಕ್ಕೆ ೧/೪೫೦, ಅಂದರೆ ಕ್ಯಾಮರಾದಲ್ಲಿ ೧/೫೦೦. ಈ ಕಷ್ಟವನ್ನು ನೀಗಲು ಮಸೂರದೊಳಗೆ ಕಂಪನ ನಿವಾರಣೆಯ ವ್ಯವಸ್ಥೆಯನ್ನು ಇಡುತ್ತಾರೆ. ಕ್ಯಾನನ್ ಅದನ್ನು ಐ.ಎಸ್. ಎಂದೂ, ನಿಕಾನ್ ವಿ.ಆರ್. ಎಂದೂ, ಟ್ಯಾಮ್ರಾನ್ ವಿ.ಸಿ. ಎಂದೂ, ಸಿಗ್ಮಾ ಓ.ಎಸ್. ಎಂದೂ ಕರೆಯುತ್ತವೆ. ಹೆಸರು ನಾಲ್ಕಾದರೂ ಕೆಲಸ ಒಂದೇ. ಈ ಎರಡಕ್ಷರಗಳಿಲ್ಲದ ಮಸೂರಗಳೂ ನೋಡಲು ಅದೇ ರೂಪದಲ್ಲಿ ಮಾರುಕಟ್ಟೆಗೆ ಬಂದಿವೆ. ನಿಕಾನಿನ ಎ.ಎಫ್-ಪಿ. ಡಿ.ಎಕ್ಸ್. ೭೦-೩೦೦ ಮಸೂರವು ವಿ.ಆರ್. ಇರುವ ಮತ್ತು ಇಲ್ಲದ ಎರಡು ಬಗೆಗಳಲ್ಲಿ ಬಂದುದು ಇದಕ್ಕೆ ನಿದರ್ಶನ. ಅಲ್ಪ ಉಳಿತಾಯಕ್ಕೆ ಮನಸೋತು ಇಲ್ಲದುದನ್ನು ತರಬಾರದು.

ಆದರೆ ಕಂಪನ ನಿವಾರಣೆಯು ನಮ್ಮ ಕೈಯನ್ನು ನಿಲ್ಲಿಸೀತೇ ಹೊರತು ಓಡುವ ಮೃಗವನ್ನು ನಿಲ್ಲಿಸದು. ಗಂಟೆಗೆ ೮೦ ಕಿ.ಮೀ. ವೇಗದಲ್ಲಿ ಓಡುವ ಕೃಷ್ಣಮೃಗವು ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಸುಮಾರು ೭೪ ಸೆಂ.ಮೀ. ಮುಂದೆ ಸರಿದಿರುತ್ತದೆ, ಸಾವಿರದ ಒಂದು ಭಾಗದಲ್ಲಿ ೨ ಸೆಂ.ಮೀ.ಗಿಂತ ತುಸು ಹೆಚ್ಚು. ಕಬಡ್ಡಿ, ಓಟದ ಪಂದ್ಯಗಳಿಗೂ ಇದೇ ನ್ಯಾಯ: ಕವಾಟದ ವೇಗವನ್ನೇ ಹೆಚ್ಚಿಸಬೇಕು.

ನಾಲ್ಕನೆಯದು ಭಾರದ ಪರೀಕ್ಷೆ. ಕ್ಯಾನನ್ ೫೫-೨೫೦ ಐ.ಎಸ್. ಎಸ್.ಟಿ.ಎಂ. ಮಸೂರದ ತೂಕ ೩೭೫ ಗ್ರಾಂ. ಮೇಲೆ ಹೇಳಿದ ನಿಕಾನ್ ೭೦-೩೦೦ ವಿ.ಆರ್. ೪೧೫ ಗ್ರಾಂ. ಹೈಸ್ಕೂಲಿನ ಹುಡುಗಿಯೂ ಇವನ್ನು ಇಡೀ ದಿನ ಹಿಡಿದು ತಿರುಗಬಲ್ಲಳು. ಸಿಗ್ಮಾ ೧೫೦-೬೦೦ ಕಂಟೆಂಪರರಿ ಮಸೂರವೋ ೧೯೩೦ ಗ್ರಾಂ; ನಿಕಾನ್ ೨೦೦-೫೦೦ ಅದರ ಕಾಲುಪಟ್ಟಿಯೂ ಸೇರಿ ೨೩೦೦ ಗ್ರಾಂ. ಇವು ಉತ್ತಮ ಮಸೂರಗಳೇ. ಆದರೆ ಗಟ್ಟಿ ಮುಕ್ಕಾಲಿ, ತಾಳ್ಮೆ, ಅಭ್ಯಾಸ ಇವುಗಳಿಲ್ಲದೆ ಕಪಾಟಿನಲ್ಲಿಯೇ ಉಳಿದುಬಿಡುತ್ತವೆ. ಕಪಾಟಿನಲ್ಲಿ ಉಳಿದ ದಾನವು ದಾನಿಗೂ ಸಲ್ಲದು, ಶಾಲೆಗೂ ಸಲ್ಲದು.

ಐದನೆಯದು ಹೊಂದಾಣಿಕೆಯ ಪರೀಕ್ಷೆ. ಪ್ರತಿಯೊಂದು ಸಂಸ್ಥೆಯ ಕ್ಯಾಮರಾದ ಕೊರಳೂ ಬೇರೆ. ನಿಕಾನಿನ ಡಿ೩೦೦೦, ಡಿ೫೦೦೦ ಶ್ರೇಣಿಯ ಕ್ಯಾಮರಾಗಳೊಳಗೆ ನಾಭೀಕರಣದ ಮೋಟಾರು ಇಲ್ಲ. ಮಸೂರದೊಳಗೇ ಅದು ಇರಬೇಕು. ಮತ್ತೊಂದೆಡೆ ಎ.ಎಫ್-ಪಿ. ಮಸೂರಗಳು ಹಳೆಯ ಕೆಲವು ಕ್ಯಾಮರಾಗಳಲ್ಲಿ ಸ್ವಯಂ ನಾಭೀಕರಣ ಮಾಡವು. ಕ್ಯಾನನ್, ನಿಕಾನ್ ಎರಡೂ ಸಂಸ್ಥೆಗಳು ಈಗ ಕನ್ನಡಿಯಿಲ್ಲದ ಕ್ಯಾಮರಾಗಳತ್ತ ತಿರುಗಿವೆ. ಅವಕ್ಕೆ ನಿಕಾನ್ ಝಡ್ ಡಿ.ಎಕ್ಸ್. ೫೦-೨೫೦ (೨೦೧೯), ಕ್ಯಾನನ್ ಆರ್.ಎಫ್. ೧೦೦-೪೦೦ (೨೦೨೧) ಮುಂತಾದ ಹಗುರ ಮಸೂರಗಳು ಬಂದಿವೆ. ಕನ್ನಡಿ ಕ್ಯಾಮರಾದ ಹಳೆಯ ಮಸೂರವನ್ನು ಅಳವಡಿಕೆಯ ಬಳೆಯ ಮೂಲಕ ಹೊಸ ಕ್ಯಾಮರಾಕ್ಕೆ ಜೋಡಿಸಬಹುದು. ಹೊಸ ಮಸೂರವನ್ನು ಹಳೆಯ ಕ್ಯಾಮರಾಕ್ಕೆ ಜೋಡಿಸಲಾಗದು. ಆದುದರಿಂದ ಕೊಳ್ಳುವ ಮುನ್ನ ಕ್ಯಾಮರಾದ ಪೂರ್ಣ ಹೆಸರನ್ನು ಬರೆದುಕೊಂಡು ಹೋಗುವುದು ಅಗತ್ಯ.

ಬಳಸಿದ ಮಸೂರವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕೈದೀಪವನ್ನು ಒಂದು ತುದಿಯಿಂದ ಹಾಯಿಸಿ ಇನ್ನೊಂದು ತುದಿಯಿಂದ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬಾರದು. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಬೇಸಗೆಯಲ್ಲಿ ಎರೆಮಣ್ಣಿನ ಧೂಳು ಎದ್ದಾಗ ಬಯಲಿನಲ್ಲಿ ಮಸೂರವನ್ನು ಬದಲಿಸಬಾರದು.

ಈ ಎಲ್ಲ ಪರೀಕ್ಷೆಗಳ ಫಲಿತಾರ್ಥವನ್ನು ಹೀಗೆ ಹೇಳಬಹುದು: ಶಾಲೆಗೆ ಕೊಡುವ ಮೊದಲ ಮಸೂರವು ಕಂಪನ ನಿವಾರಣೆಯುಳ್ಳ, ೨೫೦ ಅಥವಾ ೩೦೦ ಮಿ.ಮೀ.ವರೆಗೆ ಚಾಚುವ, ಅರ್ಧ ಕಿಲೋಗ್ರಾಂ ಮೀರದ ಜೂಮ್ ಆಗಿರಲಿ. ಮಕ್ಕಳು ಅದರಲ್ಲಿ ಒಂದೆರಡು ವರ್ಷ ಕೈ ಪಳಗಿಸಿಕೊಂಡು, ಅದರ ಮಿತಿಯನ್ನು ತಾವೇ ಕಂಡುಕೊಂಡ ಮೇಲೆ ೬೦೦ರ ಮಾತನ್ನು ಎತ್ತಬಹುದು.

ದೂರದ ಮರ್ಯಾದೆ

ಮರ್ಯಾದೆ ಎಂಬ ಶಬ್ದಕ್ಕೆ ಎಲ್ಲೆ ಎಂಬುದೂ ಗೌರವ ಎಂಬುದೂ ಅರ್ಥ. ಉದ್ದ ಮಸೂರದ ಪ್ರಯೋಜನವು ಈ ಎರಡು ಅರ್ಥಗಳಲ್ಲಿಯೂ ಇದೆ. ಪ್ರಾಣಿಯನ್ನು ಬೆದರಿಸದೆ, ಅದರ ಎಲ್ಲೆಯನ್ನು ತುಳಿಯದೆ ನೋಡುವುದಕ್ಕಾಗಿ ನಮಗೆ ಈ ಉಪಕರಣ ಬೇಕಾಗಿದೆ. ಚಿತ್ರದ ಆಸೆಯಿಂದ ಬೈಕಿನಲ್ಲಿ ಹಿಂಡನ್ನು ಬೆನ್ನಟ್ಟಿದರೆ ಮಸೂರ ಇದ್ದೂ ವ್ಯರ್ಥ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಶಬ್ದಕ್ಕೆ ಕೊಟ್ಟ ವಿವರಣೆಯಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಅಟ್ಟುವುದೂ ಸೇರಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಚಿತ್ರ ತೆಗೆಯಲು ಹೋಗಕೂಡದು.

ಬೆಳಗಿನ ಹೊತ್ತು ನೆರಳಿನಲ್ಲಿ ಅಲುಗಾಡದೆ ಕುಳಿತವನ ಬಳಿಗೆ ಹಿಂಡು ಮೇಯುತ್ತ ಮೇಯುತ್ತ ತಾನಾಗಿ ಬರುವುದುಂಟು. ಬಿಸಿಲು ಏರಿದ ಮೇಲೆ ನೆಲದ ಕಾವಿನಿಂದ ಗಾಳಿ ಅಲೆಯಲೆಯಾಗಿ ನಡುಗುತ್ತದೆ. ಆಗ ಲಕ್ಷ ರೂಪಾಯಿಯ ಮಸೂರವೂ ಮಸುಕಾದ ಚಿತ್ರವನ್ನೇ ಕೊಡುತ್ತದೆ. ಟಿ. ಎನ್. ಎ. ಪೆರುಮಾಳ್ (೧೯೩೨-೨೦೧೭), ಸಂಡೂರಿನ ಎಂ. ವೈ. ಘೋರ್ಪಡೆ (೧೯೩೧-೨೦೧೧), ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (೧೯೩೮-೨೦೦೭) ಮೊದಲಾದವರು ಫಿಲ್ಮಿನ ಕಾಲದಲ್ಲಿಯೇ ಈ ನಾಡಿನ ಪ್ರಾಣಿಪಕ್ಷಿಗಳನ್ನು ಚಿತ್ರಿಸಿದರು. ತೆಗೆದ ಚಿತ್ರವನ್ನು ಒಡನೆಯೇ ನೋಡುವ ಸೌಕರ್ಯ ಫಿಲ್ಮಿನಲ್ಲಿರಲಿಲ್ಲ. ಕಾಯುವುದೇ ಅವರ ವಿದ್ಯೆಯ ಬಹುಭಾಗವಾಗಿತ್ತು.

ರಾಣೇಬೆನ್ನೂರಿನ ಬಯಲು ಹಿಂದೆ ಕೃಷ್ಣಮೃಗದೊಡನೆ ಹೆಬ್ಬಕ ಅಥವಾ ಎರೆಭೂತವೆಂಬ ದೊಡ್ಡ ಹಕ್ಕಿಗೂ ಹೆಸರಾಗಿತ್ತು. ಸುಮಾರು ಒಂದು ಮೀಟರು ಎತ್ತರದ ಈ ಹಕ್ಕಿಯನ್ನು ೨೦೧೧ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಕರ್ನಾಟಕದಲ್ಲಿ ಈಗ ಅದರ ಮಾತು ಬಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಬೆರಳು ತೋರಿಸಬೇಕಾಗಿದೆ. ನಮ್ಮ ಮಕ್ಕಳು ಅದನ್ನು ಪುಸ್ತಕದ ಚಿತ್ರದಲ್ಲಿ ನೋಡುತ್ತಾರೆ. ಕೃಷ್ಣಮೃಗವನ್ನಾದರೂ ಅವರ ಮಕ್ಕಳು ಹೊಲದ ಬದುವಿನಾಚೆ ಕಣ್ಣಾರೆ ಕಾಣುವಂತಾಗಬೇಕು. ಊರಿನ ವಿದ್ಯಾರ್ಥಿಯೊಬ್ಬನು ದಿನ, ಸ್ಥಳಗಳನ್ನು ಗುರುತಿಸಿ ವರ್ಷವರ್ಷವೂ ತೆಗೆದಿಟ್ಟ ಸಾಧಾರಣ ಚಿತ್ರಗಳು ಮುಂದೆ ಈ ಸೀಮೆಯ ದಾಖಲೆಯಾಗುತ್ತವೆ. ಎಷ್ಟು ಹಿಂಡುಗಳಿದ್ದವು, ಎಲ್ಲಿ ಮೇಯುತ್ತಿದ್ದವು ಎಂಬುದಕ್ಕೆ ಸಾಕ್ಷಿ ನುಡಿಯುತ್ತವೆ.

ಅಂಥ ಕೆಲಸಕ್ಕೆ ನಾಲ್ಕುನೂರು ಗ್ರಾಮಿನ ಮಸೂರವೊಂದು, ಅದನ್ನು ಹಿಡಿಯುವ ಕೈಗೆ ಬುದ್ಧಿ ಹೇಳುವ ಶಿಕ್ಷಕನೊಬ್ಬನು ಸಾಕು. ದಾನಿಗಳು ಮೊದಲನೆಯದನ್ನು ಒದಗಿಸಲಿ. ಎರಡನೆಯದನ್ನು ಶಿಕ್ಷಕರಾದ ನಾವು ಒದಗಿಸೋಣ.