ಬೆಟ್ಟದ ಬೈಸಿಕಲ್ಲು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ ಮರಿನ್ ಎಂಬ ಗುಡ್ಡಗಾಡು ಸೀಮೆಯಿದೆ. 1976ರಲ್ಲಿ ಅಲ್ಲಿನ ಕೆಲವು ತರುಣರು ಹಳೆಯ, ದಪ್ಪ ಚಕ್ರದ ಬೈಸಿಕಲ್ಲುಗಳನ್ನೇರಿ ಕಡಿದಾದ ಮಣ್ಣುದಾರಿಯೊಂದರಲ್ಲಿ ಇಳಿಯುವ ಪಂದ್ಯವನ್ನು ಆರಂಭಿಸಿದರು. ಮೇಲಕ್ಕೆ ಅವನ್ನು ತಳ್ಳಿಕೊಂಡೋ ಟ್ರಕ್ಕಿನಲ್ಲಿಯೋ ಒಯ್ಯಬೇಕಾಗಿತ್ತು. ಕೆಳಗಿಳಿಯುವಷ್ಟರಲ್ಲಿ ಹಿಂಚಕ್ರದ ನಡುವಣ ಬ್ರೇಕು ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಆದುದರಿಂದ ಮರಳಿ ತುಂಬುವುದು ಎಂಬರ್ಥದ 'ರೀಪ್ಯಾಕ್' ಎಂಬುದೇ ಆ ದಾರಿಯ ಹೆಸರಾಯಿತು. ಇಷ್ಟು ಪ್ರಾಮಾಣಿಕವಾದ ಹೆಸರನ್ನು ಯಾವ ವ್ಯಾಪಾರಿಯೂ ಇಟ್ಟಾನೆಂದು ನನಗೆ ತೋರುವುದಿಲ್ಲ.

ಹಳೆಯ ಚೌಕಟ್ಟುಗಳು ಆ ಕುಲುಕಾಟವನ್ನು ತಾಳಲಾರದೆ ಮುರಿಯುತ್ತಿದ್ದುವು. 1977ರಲ್ಲಿ ಜೋ ಬ್ರೀಜ್ ಎಂಬವರು ಇದಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿಯವರ ಚೌಕಟ್ಟುಗಳನ್ನು ತಂದು, 'ಮೌಂಟನ್‌ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. ಆ ಹೆಸರು ಅವರ ಸ್ವತ್ತಾಗಿ ಉಳಿಯಲಿಲ್ಲ. ಆ ಜಾತಿಯ ಬೈಸಿಕಲ್ಲುಗಳಿಗೆಲ್ಲ ಅದೇ ಹೆಸರಾಗಿ ಲೋಕದ ಪಾಲಾಯಿತು. 1981ರಲ್ಲಿ ಸ್ಪೆಷಲೈಜ್ಡ್ ಎಂಬ ಕ್ಯಾಲಿಫೋರ್ನಿಯಾದ ಸಂಸ್ಥೆಯು ಜಪಾನಿನಲ್ಲಿ ಇವನ್ನು ಹೇರಳವಾಗಿ ತಯಾರಿಸಿ, 'ಸ್ಟಂಪ್‌ಜಂಪರ್' ಎಂದು ಕರೆಯಿತು.

ಬೆಟ್ಟವನ್ನು ಏರುವ ಕಷ್ಟವು ಮಾತ್ರ ಹಾಗೆಯೇ ಉಳಿಯಿತು. ಅದೇ ಸಂಸ್ಥೆ 2015ರಲ್ಲಿ ಹೊರತಂದ 'ಟರ್ಬೊ ಲೆವೊ' ವಿದ್ಯುತ್ತಿನ ನೆರವುಳ್ಳದ್ದು. ತುಳಿದರಷ್ಟೇ ಮೋಟಾರು ಕೈಗೂಡಿಸುತ್ತದೆ. ಬ್ಯಾಟರಿಯು ಕೆಳಗಣ ಕೊಳವೆಯೊಳಗೆ ಅಡಗಿರುವುದರಿಂದ ದೂರಕ್ಕೆ ಅದು ಸಾಮಾನ್ಯ ಬೈಸಿಕಲ್ಲೇ. ಆ ಕೊಳವೆಯ ಮೇಲೆ ಕಾಣುವುದು ಕ್ಯಾಲಿಫೋರ್ನಿಯಾದ ಹೆಸರು. ಪೆಡಲುಗಳ ನಡುವೆ ದುಡಿಯುವ ಮೋಟಾರನ್ನು ಮಾಡಿದ್ದು ಜರ್ಮನಿಯ ಬ್ರೋಸೆ ಸಂಸ್ಥೆ, ಬರ್ಲಿನ್ ನಗರದಲ್ಲಿ.